ಅರ್ಧ ಅಳತೆಯ ದಯೆ

ನದಿ ದಡದ ಮಠದಲ್ಲಿ ಗುರುಮಲ್ಲ ಎಂಬ ಶಿಷ್ಯನಿದ್ದ. ಸೊಳ್ಳೆಗೆ ಔಷಧಿ ಹೊಡೆಯುವ ಪಂಪು ಅವನ ಬೆನ್ನೇರಿ ಮೂರು ವರ್ಷವಾಗಿತ್ತು.

ಮೊದಲ ವರ್ಷ ಸೊಳ್ಳೆಗಳು ಪಟಪಟನೆ ಉದುರುತ್ತಿದ್ದವು. ಈ ಸಲ ಹೊಡೆದು ಹೊಡೆದು ಅವನ ಕೈ ಸೋತಿತೇ ಹೊರತು ಒಂದೂ ಬೀಳಲಿಲ್ಲ.

ಅವನಿಗೆ ದಿಗಿಲಾಯಿತು. ಅಡುಗೆಯ ಪುಟ್ಟಗೌರಮ್ಮ ಹೋದ ಮಳೆಗಾಲವೆಲ್ಲ ಸೊಳ್ಳೆ ಜ್ವರದಲ್ಲಿ ನರಳಿದ್ದಳು. ಈಗ ಅವಳ ಮಗಳು ಆಚೆ ದಡದಿಂದ ಹೆರಿಗೆಗೆ ಬರುವವಳಿದ್ದಳು, ಬರುವ ಸೋಮವಾರವೇ. ತುಂಬಿದ ಬಸುರಿಗೆ ಆ ಜ್ವರ ಬಂದರೆ ಎರಡು ಜೀವದ ಮಾತು.

ಗುರುಗಳ ಮುಂದೆ ಹೋಗಿ ನಿಂತ.

"ಬುದ್ಧೀ, ಸೊಳ್ಳೆಗಳಿಗೆ ಔಷಧಿ ರೂಢಿಯಾಗಿಬಿಟ್ಟಿದೆ."

"ಸೊಳ್ಳೆ ಎಷ್ಟು ದಿನ ಬದುಕುತ್ತೋ?"

"ಹೆಚ್ಚೆಂದರೆ ಒಂದು ತಿಂಗಳು."

"ನೀನು ಹೊಡೆಯೋದು?"

"ಎರಡು ತಿಂಗಳಿಗೊಂದು ಸಲ."

"ಹಾಗಾದರೆ ರೂಢಿಯಾಗಿದ್ದು ಯಾರಿಗೆ?"

ಒಂದು ಸಲ ಔಷಧಿ ಕಂಡ ಸೊಳ್ಳೆ ಮುಂದಿನ ಸಲಕ್ಕೆ ಬದುಕಿರೋದೇ ಇಲ್ಲವಲ್ಲ ಎಂದು ಗುರುಮಲ್ಲ ಲೆಕ್ಕ ಹಾಕಿದ.

ಗುರುಗಳು ಅವರೆಕಾಳು ತುಂಬಿದ ಮೊರವನ್ನು ಅವನ ಮುಂದೆ ತಳ್ಳಿದರು. "ಬಿತ್ತನೆಗೆ ಆರಿಸು."

ನಾನು ಸೊಳ್ಳೆ ಅಂದರೆ ಇವರು ಅವರೆ ಅಂತಾರಲ್ಲಪ್ಪ ಎಂದುಕೊಂಡರೂ ಕೂತು ಆರಿಸಿದ. ಜೊಳ್ಳು, ಹುಳುಕು ಎಲ್ಲ ಆಚೆ ಎಸೆದ. ಗಟ್ಟಿ ಕಾಳು ಮೊರದಲ್ಲಿ ಉಳಿಯಿತು.

"ಮುಂದಿನ ಬೆಳೆ ಯಾವುದರದ್ದು?"

"ಈ ಗಟ್ಟಿ ಕಾಳಿನದ್ದು, ಬುದ್ಧಿ."

"ಪಂಪಿಗೆ ಔಷಧಿ ಎಷ್ಟು ಹಾಕ್ತಿದ್ದೆ?"

ಗುರುಮಲ್ಲನ ದನಿ ಇಳಿಯಿತು. "ಅರ್ಧ ಅಳತೆ. ಪ್ರಾಣಿಹಿಂಸೆ ಅಂತ ಮನಸ್ಸು ತಡೀತು. ಬದುಕುವಂಥವು ಬದುಕಿಕೊಳ್ಳಲಿ ಅಂತ..."

"ಬದುಕುವಂಥವೇ ಬದುಕಿದವು. ಮೊಟ್ಟೆ ಇಟ್ಟಿದ್ದೂ ಅವೇ."

ಆದರೂ ಗುರುಮಲ್ಲನಿಗೆ ಒಂದು ಅನುಮಾನ ಉಳಿದಿತ್ತು.

"ಆಚೆ ದಡದಲ್ಲಿ ಮೊನ್ನೆ ಮೊದಲನೇ ಸಲ ಹೊಡೆದರಂತೆ, ಪೂರ್ತಿ ಅಳತೆ. ಅಲ್ಲೂ ಬೀಳಲಿಲ್ಲವಂತೆ. ಅವಕ್ಕೆ ಯಾರು ಕಲಿಸಿದರು?"

"ನಿನ್ನ ಮೂಗು ಥೇಟ್ ನಿಮ್ಮಪ್ಪನದೇ. ಕೂರಿಸಿಕೊಂಡು ಕಲಿಸಿದನೇನೋ?"

"ಇಲ್ಲ ಬುದ್ಧಿ, ಹುಟ್ಟುತ್ತಲೇ ಬಂತು."

"ಇದೂ ಹಾಗೇ. ನಿನ್ನವು ದೋಣಿ ಹತ್ತಿ ಹೋಗಿ ಅಲ್ಲಿ ಬೀಗತನ ಬೆಳೆಸಿವೆ. ಅಲ್ಲಿನ ಮಕ್ಕಳು ಮೊಮ್ಮಕ್ಕಳಿಗೆ ಆ ಗಟ್ಟಿತನ ಬಳುವಳಿಯಾಗಿ ಹೋಗಿದೆ."

ಗುರುಮಲ್ಲ ಕಣ್ಣೊರೆಸಿಕೊಂಡ. "ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಆ ಹುಡುಗಿಗೆ ಏನಾದರೂ ಆದರೆ..."

"ಅಳೋಕೆ ಪುರುಸೊತ್ತಿಲ್ಲ. ಏಳು."

ಎಪ್ಪತ್ತು ದಾಟಿದ ಗುರುಗಳು ಕಾವಿ ಎತ್ತಿಕಟ್ಟಿ ಹೊರಟೇಬಿಟ್ಟರು. ಒಡಕು ಮಡಕೆ, ತೆಂಗಿನ ಚಿಪ್ಪು, ಹಳೇ ಹಂಡೆ, ನೀರು ನಿಂತಿದ್ದನ್ನೆಲ್ಲ ಮಗುಚುತ್ತ ಬಂದರು.

ದನಗಳಿಗೆ ನೀರಿಡುವ ಬಾನಿಯ ಹತ್ತಿರ ಗುರುಮಲ್ಲನ ಕೈ ತಡೆಯಿತು. ನೀರಿನಲ್ಲಿ ಸೊಳ್ಳೆಮರಿಗಳು ಮಿಜಿಮಿಜಿ ಎನ್ನುತ್ತಿದ್ದವು.

"ಇದು ಹಿಂಸೆಯಲ್ಲವೇ, ಬುದ್ಧಿ?"

"ಹಿಂಸೆಯೇ. ಪಾಪ ನನಗಿರಲಿ. ನೀನು ಆ ಕಡೆ ಹಿಡಿ."

ಇಬ್ಬರೂ ಹಿಡಿದು ಮಗುಚಿದರು. ಪುಟ್ಟಗೌರಮ್ಮನ ಮನೆಗೆ ಹೋಗಿ ಬಾಣಂತಿ ಕೋಣೆಗೆ ಸೊಳ್ಳೆಪರದೆ ಕಟ್ಟಿದರು. ನಾಳೆ ಆಚೆ ದಡಕ್ಕೂ ಹೋಗಬೇಕು, ದೋಣಿ ತಯಾರಿರಲಿ ಎಂದು ಗುರುಗಳು ಅಂಬಿಗನಿಗೆ ಹೇಳಿಕಳಿಸಿದರು.

ಮಠದ ಹಿತ್ತಿಲಿಗೆ ಮರಳಿದಾಗ ಗುರುಮಲ್ಲ ಬೆವರು ಒರೆಸಿಕೊಂಡ.

"ಮತ್ತೆ ಮಳೆ ಬರುತ್ತೆ, ಮತ್ತೆ ನೀರು ನಿಲ್ಲುತ್ತೆ."

"ವಾರಕ್ಕೊಂದು ಸಲ ಚೆಲ್ಲು."

"ಎಷ್ಟು ವಾರ, ಬುದ್ಧಿ? ಆ ಹುಡುಗಿ ಬಾಣಂತನ ಮುಗಿಸಿ ಹೋಗುವವರೆಗಾ?"

ಗುರುಗಳು ಆಗಲೇ ಮುಂದಿನ ಮಡಕೆಗೆ ಬಗ್ಗಿದ್ದರು.

"ಎಷ್ಟು ವಾರ ಅಂತ ಸೊಳ್ಳೆ ಕೇಳಿದ ದಿನ ನಿಲ್ಲಿಸು."