ಬೊಡ್ಡೆಗೆ ಹೊದಿಸಿದ ಶಾಲು

ಬೇಸಿಗೆಯಲ್ಲಿ ಕೆರೆ ಬತ್ತಿದರೂ ಅದರ ಅಂಗಳದಲ್ಲಿ ಒಂದು ಗುಂಡಿ ಉಳಿಯುತ್ತದೆ. ಅಡಿಯಿಂದ ನೀರು ಜಿನುಗುತ್ತಲೇ ಇರುತ್ತದೆ. ನಮ್ಮ ಕಡೆ ಅದನ್ನು ತಲ... ತಲಪುರಿ? ಅಲ್ಲ. ತಲಪರಿಗೆ ಅಂತಾರೆ. ಹಾಗೇ ಬರೆದುಕೋ ಇಂದುಮತಿ, ಇನ್ನೊಂದು ಸಲ ಕೇಳಿದರೆ ಈ ಅಜ್ಜಿ ಮತ್ತೆ ಮರೆತಿರುತ್ತಾಳೆ.

ಅಂಥದೊಂದು ತಲಪರಿಗೆಯ ಪಕ್ಕದಲ್ಲಿ ಒಬ್ಬ ಗುರುವಿನ ಆಶ್ರಮವಿತ್ತು. ಶಿಷ್ಯನ ಹೆಸರು ಓಬಳಯ್ಯ. ಬೇಸಿಗೆ ಬಂತೆಂದರೆ, ನೀರಿನ ಜಿನುಗು ಮುಚ್ಚಿಹೋಗದಂತೆ ಗುಂಡಿಯ ಹೂಳು ತೆಗೆಯುವುದು ಅವನ ಕೆಲಸ.

ಆ ವರ್ಷ ಅವನು ಸಲಿಕೆಯನ್ನು ಮೂಲೆಗಿಟ್ಟು, ಗುಂಡಿಯ ದಡದಲ್ಲಿ ಧ್ಯಾನಕ್ಕೆ ಕುಳಿತ.

ಒಂದು ಸಂಜೆ ಓಡೋಡಿ ಬಂದ.

"ಗುರುಗಳೇ, ಇವತ್ತು ಕೃಷ್ಣಮೃಗ ಬಂದಿತ್ತು! ನನ್ನ ಮಂಡಿಯ ಹತ್ತಿರವೇ ನಿಂತಿತ್ತು!"

"ಒಳ್ಳೆಯದು. ಹೂಳು ತೆಗೆದೆಯಾ?"

"ನವಿಲೂ ನರಿಯೂ ಒಟ್ಟಿಗೆ ಬಂದವು, ಗುರುಗಳೇ. ವೈರ ಮರೆತು! ನನ್ನ ಧ್ಯಾನಕ್ಕೆ ಎಂಥ ಶಕ್ತಿ ಬಂದಿದೆ ನೋಡಿ."

"ಮಳೆಗಾಲದಲ್ಲಿ ಒಂದೂ ಬರಲಿಲ್ಲವಲ್ಲ?"

"ಮಳೆಗಾಲದಲ್ಲಿ ನಾನು ಕೂತಿರಲಿಲ್ಲವಲ್ಲ!"

ಗುರುಗಳು ಮೂಲೆಯಲ್ಲಿದ್ದ ಸಲಿಕೆಯ ಕಡೆ ನೋಡಿದರು.

ಓಬಳಯ್ಯ ಅವರ ಕಾಲು ಹಿಡಿದುಕೊಂಡ. "ಊರಿನವರು ನನ್ನನ್ನು ಸಲಿಕೆ ಸ್ವಾಮಿ ಅಂತ ಕರೆಯುತ್ತಾರೆ. ಈ ವರ್ಷವಾದರೂ ದೀಕ್ಷೆಯ ಶಾಲು ಹೊದಿಸಿ. ಇಲ್ಲದಿದ್ದರೆ ಸಾಯುವವರೆಗೂ ಅದೇ ಹೆಸರು ಗಟ್ಟಿ."

"ನಾಳೆ ಬೆಳಗ್ಗೆ ಹಿತ್ತಲಲ್ಲಿ ಬಿದ್ದಿರುವ ಆ ಜಾಲಿ ಬೊಡ್ಡೆಯನ್ನು ಗುಂಡಿಯ ಹತ್ತಿರ ಹೊತ್ತು ತಾ" ಎಂದರು ಗುರುಗಳು.

ದೀಕ್ಷೆಯ ಹೋಮಕ್ಕೆ ಸೌದೆ ಇರಬೇಕು ಎಂದುಕೊಂಡ ಓಬಳಯ್ಯ, ಬೆಳಕು ಹರಿಯುವ ಮೊದಲೇ ಬೊಡ್ಡೆ ಹೊತ್ತು ತಂದ. ತಾನು ದಿನವೂ ಕೂರುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದ.

ಗುರುಗಳು ಹೊಸ ಕಾವಿ ಶಾಲು ಬಿಡಿಸಿದರು. ಓಬಳಯ್ಯ ಕಣ್ಣು ಮುಚ್ಚಿ ಕುತ್ತಿಗೆ ಬಾಗಿಸಿದ.

ಗುರುಗಳು ಅವನನ್ನು ದಾಟಿ ಹೋಗಿ ಶಾಲನ್ನು ಬೊಡ್ಡೆಗೆ ಹೊದಿಸಿದರು.

"ಬಾ, ಆ ಪೊದೆಯ ಹಿಂದೆ ಕೂರೋಣ."

ಬಿಸಿಲೇರಿತು. ನವಿಲು ಬಂತು. ನರಿ ಬಂತು. ಕಾಡುಹಂದಿಯೊಂದು ಬಂದು ಶಾಲಿಗೆ ಬೆನ್ನು ಉಜ್ಜಿಕೊಂಡಿತು. ಕೊನೆಗೆ ಒಂದು ಬೆಳ್ಳಕ್ಕಿ ಹಾರಿ ಬಂದು ಬೊಡ್ಡೆಯ ನೆತ್ತಿಯ ಮೇಲೆ ಕುಳಿತು ಗರಿ ತೀಡತೊಡಗಿತು.

"ನನ್ನ ತಲೆಯ ಮೇಲೆ ಒಂದು ದಿನವೂ ಕೂತಿರಲಿಲ್ಲ!" ಎಂದು ಓಬಳಯ್ಯ ಹಲ್ಲು ಕಡಿದ.

ಗುರುಗಳು ಬೊಡ್ಡೆಯ ಕಡೆ ತಿರುಗಿ ಕೈ ಮುಗಿದರು.

"ಗುರುಗಳೇ, ಅದು ಬೊಡ್ಡೆ!"

"ಮೆಲ್ಲಗೆ ಮಾತಾಡು. ಧ್ಯಾನದಲ್ಲಿದೆ."

ಅಷ್ಟರಲ್ಲಿ ಕೃಷ್ಣಮೃಗ ಬಂತು. ಗುಂಡಿಗೆ ಬಾಯಿ ಹಾಕಿತು. ಮೂತಿಗೆ ಕೆಸರಷ್ಟೇ ಮೆತ್ತಿಕೊಂಡಿತು. ಬೇರೊಂದು ಕಡೆ ಬಾಯಿ ಹಾಕಿತು. ಅಲ್ಲೂ ಕೆಸರೇ. ಒದ್ದೆ ಮಣ್ಣನ್ನು ನೆಕ್ಕಿ, ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹೊರಟುಹೋಯಿತು.

ಓಬಳಯ್ಯ ಕತ್ತು ಚಾಚಿ ಗುಂಡಿಯೊಳಗೆ ನೋಡಿದ.

"ಗುರುಗಳೇ, ನೀರು ಬತ್ತುತ್ತಿದೆ."

"ಹೌದೇ?"

"ನನ್ನ ಶಾಲು..."

"ಅದನ್ನು ಕೊಟ್ಟಾಯಿತಲ್ಲ."

"ಹಾಗಾದರೆ ನನಗೆ?"

ಗುರುಗಳು ಬೆನ್ನ ಹಿಂದಿನಿಂದ ಸಲಿಕೆ ತೆಗೆದು ಅವನ ಕೈಗಿಟ್ಟರು.

"ಬೊಡ್ಡೆಗೆ ಇದೊಂದು ಬರುವುದಿಲ್ಲ."