ಗುಟುಕಿಗೊಮ್ಮೆ ಆಕಾಶ ನೋಡುವ ಹೇಂಟೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಜಾಗ ಹುಡುಕಿಕೊಂಡು ಕೂತಿದ್ದವು. ಆಗ ನಮ್ಮ ಹಿತ್ತಲಿನ ಹೇಂಟೆ ಹದ್ದಿನಷ್ಟೇ ಎತ್ತರ ಹಾರುತ್ತಿತ್ತು. ನಗಬೇಡ ಮಗೂ, ನಿಜವಾಗಿಯೂ ಹಾರುತ್ತಿತ್ತು.

ಬೆಳಿಗ್ಗೆ ಅತ್ತಿಮರದ ತುದಿ, ಮಧ್ಯಾಹ್ನ ಬಿದಿರ ಮೆಳೆ, ಸಂಜೆ ಹುತ್ತದ ಗೆದ್ದಲು. ಹಾರಿ, ಕೆದಕಿ, ಹುಡುಕಿ ತಿಂದರೇ ಅದಕ್ಕೆ ಊಟ.

ಒಂದು ದಿನ ಅದು ಗುರವ್ವನ ಅಂಗಳಕ್ಕೆ ಇಳಿಯಿತು. ಗುರವ್ವ ಭತ್ತ ಕುಟ್ಟುತ್ತಿದ್ದಳು. ತೌಡನ್ನೆಲ್ಲ ಕೇರಿ ತೆಗೆದು, ಬಿಳಿ ನುಚ್ಚಿಗೆ ಬೆಲ್ಲ ಕಲಸಿ, ಹೋಳಿಗೆಯ ಚೂರು ಹಾಕಿ ಮುಂದಿಟ್ಟಳು. ಒಳ್ಳೆಯ ಹೆಂಗಸು, ಪ್ರೀತಿಯಿಂದಲೇ ಇಟ್ಟಳು.

"ಕುಂತ್ಕೊಂಡು ತಿನ್ನವ್ವಾ. ನಿನಗ್ಯಾಕ ಅಡವಿ ಅಲೆಯೋ ಕಷ್ಟ?"

ಹೇಂಟೆ ಕೂತೇ ತಿಂದಿತು. ಮರುದಿನವೂ ಕೂತೇ ತಿಂದಿತು.

ತಂಗಿ ಕಾಡುಕೋಳಿ ಬೇಲಿಯ ಮೇಲಿಂದ ಕರೆಯಿತು. "ಅಕ್ಕಾ, ಆ ನುಚ್ಚಿನಾಗ ಸತ್ವ ಇಲ್ಲ. ಬಾ, ಒಂದು ಸುತ್ತು ಹಾರೂಣು."

"ನಾಳಿ ಹಾರಿದ್ರಾತು ಬಿಡು."

ಗಾಳಿ ರೆಕ್ಕೆಯ ಕೆಳಗೆ ನುಗ್ಗಿ ನೋಡಿತು. "ಏಳಬೇ, ನಾ ಎತ್ತತೇನಿ."

"ನಾಳಿ ಹಾರಿದ್ರಾತು ಬಿಡು."

ಈ ಮಾತನ್ನು ನೀನೂ ಆಡುತ್ತೀಯಲ್ಲ? ಇರಲಿ, ಕೇಳು. ಹೇಂಟೆಯ ಎದೆ ಕೊಬ್ಬಿತು, ನಾಲ್ಕು ಹೆಜ್ಜೆಗೇ ಏದುಸಿರು ಬಂತು. ಇಟ್ಟ ಮೊಟ್ಟೆಗಳ ಸಿಪ್ಪೆ ತೆಳುವಾಗಿ ಕಾವಿಗೆ ಕೂತಾಗಲೇ ಒಡೆದವು. ಉಳಿದದ್ದು ಒಂದೇ ಮರಿ, ಹಳದಿ ಮರಿ.

"ಅವ್ವಾ, ನನಗ ಯಾವಾಗ ಹಾರಾಕ ಕಲಿಸ್ತಿ?"

"ನಾಳಿ, ನನ್ನ ಬಂಗಾರ."

ಮರುದಿನ ಹೇಂಟೆ ಬಾನಿಯಲ್ಲಿ ತಲೆ ಬಗ್ಗಿಸಿ ನೀರು ಕುಡಿಯುತ್ತಿತ್ತು. ನೆರಳೊಂದು ಸರಿಯಿತು. ತಲೆ ಎತ್ತುವಷ್ಟರಲ್ಲಿ ಮರಿ ಹದ್ದಿನ ಉಗುರಿನಲ್ಲಿತ್ತು.

ಹೇಂಟೆ ಓಡಿತು, ರೆಕ್ಕೆ ಬಡಿಯಿತು, ಬೇಲಿಯೆತ್ತರವೂ ಏರದೆ ದೊಪ್ಪನೆ ಬಿತ್ತು. "ಗಾಳಿಯಪ್ಪಾ, ಈಗ ಎತ್ತೋ" ಎಂದು ಅಂಗಲಾಚಿತು.

"ಎತ್ತಾಕತ್ತೇನಿ ತಾಯಿ, ನಿನ್ನ ರೆಕ್ಕಿ ಹಿಡೀವಲ್ವು" ಎಂದು ಗಾಳಿಯೇ ಅತ್ತಿತು. ಮರಿಯ ಕೂಗು ಮೇಲೆ ಮೇಲೆ ಹೋಗಿ ಕೇಳದಾಯಿತು.

ಗುರವ್ವ ಓಡಿಬಂದಳು. ಪಾಪ, ಬೇರೇನೂ ತೋಚದೆ ಇನ್ನೊಂದು ಹಿಡಿ ನುಚ್ಚು ಹಾಕಿದಳು. ಹೇಂಟೆ ಅಳುತ್ತಲೇ ಅದನ್ನೂ ತಿಂದಿತು.

ಅಗೋ, ಬಾನಿಯ ಹತ್ತಿರ ನೋಡು ಮಗೂ. ಒಂದು ಗುಟುಕು ಕುಡಿಯುತ್ತದೆ, ತಲೆ ಎತ್ತುತ್ತದೆ. ಇನ್ನೊಂದು ಗುಟುಕು, ಮತ್ತೆ ತಲೆ ಎತ್ತುತ್ತದೆ. ತನ್ನ ಹಳದಿ ಮರಿ ಎಲ್ಲಾದರೂ ಕಾಣುತ್ತದೆಯೇ ಎಂದು ಹೇಂಟೆ ಇಂದಿಗೂ ಗುಟುಕಿಗೊಮ್ಮೆ ಆಕಾಶ ಹುಡುಕುತ್ತದೆ.