ಮುಂದೆ ನುಗ್ಗಿದ ಮೇ ಒಂದು

ತುಂಗಮ್ಮನವರ ಉಪ್ಪಿನಕಾಯಿ ಉಗ್ರಾಣದಲ್ಲಿ ಯಾವ ಭರಣಿಯನ್ನು ಮೊದಲು ತೆರೆಯಬೇಕೆಂದು ಒಂದು ಜಾವಾ ಪ್ರೋಗ್ರಾಮ್ ಹೇಳುತ್ತಿತ್ತು. ಅದರೊಳಗೆ, ಭರಣಿ ಹಾಕಿದ ದಿನಾಂಕಗಳನ್ನು ಸಾಲು ನಿಲ್ಲಿಸುವ ಕೆಲಸ ಒಂದು ಇರುವೆಯದು.

ಜನವರಿ ಮೂವತ್ತೊಂದರ ದಿನಾಂಕ 31-01 ಬಂದು ಹೇಳಿತು: "ನನ್ನ ನಿಂಬೆಕಾಯಿ ಹದವಾಗಿ ಕಳಿತಿದೆ. ಇನ್ನು ತಡವಾದರೆ ಬೂಸ್ಟು ಹಿಡಿಯುತ್ತದೆ. ಮೊದಲು ನನ್ನನ್ನು ಕಳಿಸಪ್ಪ."

ನಿನ್ನೆಯಷ್ಟೇ ಹುಟ್ಟಿದ 01-05 ನಕ್ಕಿತು. "ಸರಿಯಿರಿ ಅಜ್ಜಿ! ನನ್ನ ಮೊದಲ ಅಂಕಿ ಸೊನ್ನೆ, ನಿಮ್ಮದು ಮೂರು."

ಇರುವೆ ಮೀಸೆ ತಾಗಿಸಿ ನೋಡಿತು. "ಹೌದಲ್ಲ! ನೀವಿಬ್ಬರೂ ಬರೀ ಅಕ್ಷರಗಳಾಗಿ ಬಂದಿದ್ದೀರಿ. ಅಕ್ಷರವನ್ನು ನಾನು ಎಡದಿಂದಲೇ ನೋಡುವುದು. ಸೊನ್ನೆಗೇ ಮೊದಲ ಜಾಗ."

01-05 ಜಂಬದಿಂದ ಹೊರಟಿತು. ತುಂಗಮ್ಮ ಅದರ ಭರಣಿ ತೆರೆದು, ಮಾವಿನ ಹೋಳು ಕಚ್ಚಿ, ಮುಖ ಕಿವುಚಿದರು. "ಉಪ್ಪೇ ಹಿಡಿದಿಲ್ಲ! ನಾಳೆಯೂ ಇದೇ ಮುಂದೆ ಬಂದರೆ ತಿಪ್ಪೆಗೆ ಸುರಿಯುತ್ತೇನೆ."

01-05 ಏದುಸಿರು ಬಿಡುತ್ತ ಓಡಿ ಬಂತು. "ಇರುವೆಯಣ್ಣ, ನನ್ನ ಸೊನ್ನೆ ನೋಡಬೇಡ. ಮೊದಲು ತಿಂಗಳು ನೋಡು, ಆಮೇಲೆ ದಿನ ನೋಡು!"

"ಹಾಗಾದರೆ ಅಕ್ಷರದ ಅಂಗಿ ಕಳಚಿ, ನಿಜವಾದ ದಿನಾಂಕಗಳಾಗಿ ಬನ್ನಿ," ಎಂದಿತು ಇರುವೆ.

ಹಾಗೆಯೇ ಬಂದವು. ಈ ಸಲ ಅಜ್ಜಿ ಮುಂದೆ ಹೋಯಿತು. ನಿಂಬೆಕಾಯಿ ಕೆಡದೆ ಊಟದ ಎಲೆಯ ತುದಿಗೆ ಬಿತ್ತು.

ತಿಂಗಳು ಕಳೆದು 01-06 ಹುಟ್ಟಿತು. "ನನ್ನ ಮುಂದೆಯೂ ಸೊನ್ನೆ ಇದೆ!" ಎನ್ನುತ್ತ ಸಾಲಿನ ತಲೆಗೆ ನುಗ್ಗಿತು. 01-05 ಅದರ ಕೈ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಿತು.

"ಇಲ್ಲಿ ನಿಲ್ಲು ಮಗು. ನಿನಗಿನ್ನೂ ಉಪ್ಪು ಹಿಡಿಯಬೇಕು."